ಫಾದರ್‌ಗೆ ಜಪಾನಿಯಲ್ಲಿ ಏನಂತಾರೆ?

ಬಯೋಡಾಟಾದಲ್ಲಿ ‘ಬಲ್ಲ ಭಾಷೆಗಳು’ ಎಂಬಲ್ಲಿ ‘ಜಪಾನಿ’ ಎಂದು ಬರೆಯದೆ ಇದ್ದಿದ್ದರೆ ಸುನೀಲಕುಮಾರನಿಗೆ ಈ ಗತಿ ಬರುತ್ತಿರಲಿಲ್ಲ. ಬಾದಾಮಿಯ ಗುಹೆ ತೋರಿಸುವ ಗೈಡ್ ಆತ. ಇಂಗ್ಲಿಷ್ ಶಬ್ದ ಒತ್ತಿದರೆ ಜಪಾನಿ ಅರ್ಥ ಹೇಳುವ ಮೊಬೈಲ್ ಆ್ಯಪನ್ನು ಹದಿನೈದು ದಿನ ತಿರುವಿ ಹಾಕಿ ಪಂಡಿತನಾಗಿದ್ದ.

ತಂದೆತಾಯಿ ಇಲ್ಲದ ಆತ ಒಬ್ಬನೇ ಇಳಕಲ್ಲಿಗೆ ಹೆಣ್ಣು ನೋಡಲು ಬಂದಿದ್ದ. ಇದು ಏಳನೆಯ ಮನೆ. ಚಹಾ ಕೊಟ್ಟ ಮಹೇಶ್ವರಿ ನಕ್ಕದ್ದೇ ತಡ, ಮದುವೆಯಾದರೆ ಈಕೆಯನ್ನೇ ಎಂದು ಮನಸ್ಸು ಪಟ್ಟು ಹಿಡಿಯಿತು.

ಕರೆಯದೆ ಬಂದು ಕೂತಿದ್ದ ಪಕ್ಕದ ಮನೆಯ ಇಂದ್ರಾಬಾಯಿ ಬಯೋಡಾಟಾ ಓದಿದಳು. “ಜಪಾನಿ ಬರ್ತೈತೇನ್ರಿ? ಇಂಗ್ಲಿಷಿನ್ಯಾಗ ಫಾದರ್ ಅಂತಾರಲ್ರಿ, ಅದಕ್ಕ ಏನಂತಾರ?”

ಭಾವಿ ಮಾವನನ್ನು ಒಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಕ್ಕೀತು? ಸುನೀಲಕುಮಾರ ಎದ್ದು, ಹುಡುಗಿಯ ತಂದೆ ಈರಪ್ಪನಿಗೆ ಕೈಮುಗಿದು, ಗಟ್ಟಿಯಾಗಿ “ಚಿಚಿ!” ಎಂದ.

ಈರಪ್ಪನ ಮುಖ ಇಳಕಲ್ ಸೀರೆಯ ಸೆರಗಿನಂತೆ ಕೆಂಪಾಯಿತು. “ಯಾರಿಗಿ ಛೀ ಛೀ ಅಂತೀಯೋ?”

“ಇಲ್ರೀ, ಅದು ಮರ್ಯಾದಿ ಮಾತ್ರೀ...”

“ಮತ್ತ ತಾಯಿಗಿ?” ಇಂದ್ರಾಬಾಯಿ ಬಿಡಲಿಲ್ಲ.

ಗಾಬರಿಯಲ್ಲಿ ಆತ ಹುಡುಗಿಯ ತಾಯಿ ಗುರುಲಿಂಗವ್ವನತ್ತ ತಿರುಗಿ “ಹಹ” ಎಂದ.

“ನೋಡವಾ ಗುರುಲಿಂಗವ್ವ! ನಿನ್ನ ಗಂಡಗ ಉಗದ, ನಿನ್ನ ನೋಡಿ ಹಲ್ಲ ಕಿಸದ!”

“ನಡಿ ಹೊರಗ!” ಈರಪ್ಪ ಗುಡುಗಿದ. ಸುನೀಲಕುಮಾರ ಒಂದು ಕಾಲಿಗೆ ಚಪ್ಪಲಿ ಏರಿಸುವಷ್ಟರಲ್ಲಿ ಮಹೇಶ್ವರಿ ಮೊಬೈಲ್ ಹಿಡಿದು ಓಡಿಬಂದಳು.

“ತಡಿ ಅಪ್ಪಾ, ಇವರು ಹೇಳಿದ್ದು ಖರೇನ ಐತಿ. ಬ್ಯಾರೆ ಮಂದಿ ಅಪ್ಪಗ ಜಪಾನಿನ್ಯಾಗ ಬ್ಯಾರೆ ಶಬ್ದ ಐತಂತ. ಚಿಚಿ ಅಂದ್ರ ಸ್ವಂತ ಅಪ್ಪ, ಹಹ ಅಂದ್ರ ಸ್ವಂತ ಅವ್ವ.”

ಹುಡುಗಿ ತನ್ನ ಪರ! ಸುನೀಲಕುಮಾರನ ಎದೆ ಹಿಗ್ಗಿತು. ಈರಪ್ಪ ಕಣ್ಣು ತುಂಬಿಕೊಂಡು ಬಂದು ಆತನನ್ನು ಗಟ್ಟಿಯಾಗಿ ತಬ್ಬಿಕೊಂಡ.

“ಗಂಡಸ ಮಗ ಇಲ್ಲಂತ ಇಷ್ಟು ವರ್ಷ ಕೊರಗಿದ್ನೆಪಾ. ಮಾವ ಅನ್ನಾಕ ಭಾಳ ಮಂದಿ ಬಂದ್ರು, ಅಪ್ಪ ಅಂದಾಂವ ನೀ ಒಬ್ಬನ. ಇವತ್ತಿಂದ ನೀ ನನ್ನ ಮಗ!”

ಗುರುಲಿಂಗವ್ವ ಕಣ್ಣೊರೆಸಿಕೊಂಡು ಹೋಳಿಗೆ ಬಡಿಸಿದಳು. ಇಂದ್ರಾಬಾಯಿಗೆ ಮಾತ್ರ ಅನುಮಾನ. “ಹಂಗಾರ ಮಹೇಶ್ವರಿ?”

“ತಂಗಿ ಆದ್ಲಲ್ಲ!” ಈರಪ್ಪ ಸುನೀಲಕುಮಾರನ ಬೆನ್ನು ಚಪ್ಪರಿಸಿದ. “ಸೋಮವಾರ ಗುಳೇದಗುಡ್ಡದವರು ಆಕಿನ್ನ ನೋಡಾಕ ಬರ್ತಾರ. ಅಣ್ಣ ಆಗಿ ನೀನ ಮುಂದ ನಿಂತು ಮಾತುಕತಿ ಮುಗಸಬೇಕು ನೋಡು.”

“ಆಗ್ಲಿ, ಅಪ್ಪಾ” ಎಂದ ಸುನೀಲಕುಮಾರ, ಅಪ್ಪಟ ಕನ್ನಡದಲ್ಲಿ.