ಅರ್ಥಶಾಸ್ತ್ರ ವಿಭಾಗದ ಹಸು

ಜೀವಂತ ಪ್ರಾಣಿಯ ಮೇಲೆ ಪ್ರಯೋಗ ಮಾಡಿಸದೆ ಯಾವ ವಿಷಯವನ್ನೂ ಬೋಧಿಸತಕ್ಕದ್ದಲ್ಲ ಎಂಬುದು ಗರಿಕೆಬಯಲು ಪಶುವೈದ್ಯಕೀಯ ಮಹಾವಿದ್ಯಾಲಯದ ಹದಿನಾಲ್ಕನೆಯ ನಿಯಮ. ಇದನ್ನು ಬರೆದವರ ಮನಸ್ಸಿನಲ್ಲಿ ಅಂಗರಚನೆ, ಶಸ್ತ್ರಚಿಕಿತ್ಸೆ ಮೊದಲಾದ ರಕ್ತ ಕಾಣುವ ವಿಷಯಗಳು ಇದ್ದಿರಬಹುದು. ಆದರೆ ನಿಯಮದಲ್ಲಿ ‘ಯಾವ ವಿಷಯವನ್ನೂ’ ಎಂದು ಇತ್ತು. ಅರ್ಥಶಾಸ್ತ್ರವೂ ಒಂದು ವಿಷಯವಾಗಿತ್ತು. ಆದ್ದರಿಂದ ೨೦೦೫ರ ಆಗಸ್ಟ್ ತಿಂಗಳಲ್ಲಿ ಅರ್ಥಶಾಸ್ತ್ರ ವಿಭಾಗಕ್ಕೆ ಒಂದು ಹಸುವನ್ನು ಮಂಜೂರು ಮಾಡಲಾಯಿತು.

ವಿಭಾಗ ಎಂದರೆ ಅಮೀನಪ್ಪ. ಬೇರೆ ಯಾರೂ ಇರಲಿಲ್ಲ. ಬಾಗಲಕೋಟೆ ಕಡೆಯ ಈ ಮನುಷ್ಯ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವರು. ಆ ಪದಕದಲ್ಲಿ ಚಿನ್ನ ಎಷ್ಟಿದೆ ಎಂದು ಒಮ್ಮೆ ವಿಜಯನಗರದ ಗಿರವಿ ಅಂಗಡಿಯಲ್ಲಿ ಕೇಳಿ, ಉತ್ತರವನ್ನು ಯಾರಿಗೂ ಹೇಳದೆ ಮನೆಗೆ ಬಂದವರು. ಮಾರೇನಹಳ್ಳಿಯ ಬಾಡಿಗೆ ಮನೆಯಿಂದ ಎರಡು ಬಸ್ಸು ಬದಲಿಸಿ, ಬ್ಯಾಡರಹಳ್ಳಿ ದಾಟಿ, ಆರು ವರ್ಷಗಳಿಂದ ಈ ಕಾಲೇಜಿಗೆ ಬರುತ್ತಿದ್ದರು. ಆರು ವರ್ಷವೂ ತಾತ್ಕಾಲಿಕ. ಎಂಬತ್ತೊಂಬತ್ತು ದಿನ ತುಂಬಿದ ಕೂಡಲೇ ಒಂದು ದಿನದ ಮಟ್ಟಿಗೆ ಅವರನ್ನು ಕೆಲಸದಿಂದ ತೆಗೆದು, ಮಾರನೆಯ ದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ತೊಂಬತ್ತು ದಿನ ಒಂದೇ ಸಮನೆ ಕೂತವನು ಕಾಯಂ ಕೇಳುತ್ತಾನೆ ಎಂಬುದು ಆಡಳಿತ ಮಂಡಳಿಯ ನಂಬಿಕೆ. ಆ ಒಂದು ದಿನ ಅಮೀನಪ್ಪ ಮನೆಯಲ್ಲಿ ಕೂತು ‘ನಿರುದ್ಯೋಗ’ದ ಪಾಠದ ಟಿಪ್ಪಣಿ ತಿದ್ದುತ್ತಿದ್ದರು. ಆ ಪಾಠವೊಂದನ್ನು ಅವರು ಚೆನ್ನಾಗಿ ಮಾಡುತ್ತಾರೆಂದು ವಿದ್ಯಾರ್ಥಿಗಳೂ ಒಪ್ಪುತ್ತಿದ್ದರು.

ಉಳಿದ ಪಾಠಗಳ ವಿಷಯದಲ್ಲಿ ಅಂಥ ಒಮ್ಮತ ಇರಲಿಲ್ಲ. ಹುಡುಗರು ಬೆಳಿಗ್ಗೆಯೆಲ್ಲ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಬಂದಿರುತ್ತಿದ್ದರು. ಅವರ ಮುಂದೆ ನಿಂತು ಬೇಡಿಕೆಯ ರೇಖೆ ಕೆಳಗಿಳಿಯುತ್ತದೆ ಎಂದು ಹೇಳಿದರೆ, ಇಳಿಯಲಿ ಬಿಡಿ ಎಂಬಂತೆ ನೋಡುತ್ತಿದ್ದರು. ಅದು ಅವರ ತಪ್ಪಲ್ಲ ಎಂದು ಅಮೀನಪ್ಪನಿಗೆ ಗೊತ್ತಿತ್ತು. ಸ್ವತಃ ಅಮೀನಪ್ಪನಿಗೇ ಹಸುವಿನ ಬಲಗಡೆ ಯಾವುದು, ಹಾಲು ಹಿಂಡುವವರು ಯಾವ ಕಡೆ ಕೂರಬೇಕು ಎಂಬುದು ಗೊತ್ತಿರಲಿಲ್ಲ.

ಮಂಜೂರಾದ ಹಸುವಿನ ನಂಬರು ಇಪ್ಪತ್ತಾರು. ಹಾಲು ಬತ್ತಿ ನಾಲ್ಕು ವರ್ಷವಾಗಿತ್ತು. ಬೇರೆ ಯಾವ ವಿಭಾಗವೂ ಕೇಳದ ಕಾರಣ ಅದು ಅರ್ಥಶಾಸ್ತ್ರಕ್ಕೆ ಬಂತು. ಅಮೀನಪ್ಪ ಅದಕ್ಕೆ ದೂರದಿಂದ ನಮಸ್ಕರಿಸಿ, ನಲವತ್ತು ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಕೊಟ್ಟರು: ‘ಈ ಪ್ರಾಣಿಯ ಮೇಲಾಗುವ ಖರ್ಚು ಮತ್ತು ಇದರಿಂದ ಬರುವ ಆದಾಯ ಬರೆಯಿರಿ. ಇಟ್ಟುಕೊಳ್ಳಬೇಕೋ, ವಿಲೇವಾರಿ ಮಾಡಬೇಕೋ ತಿಳಿಸಿ. ಇಪ್ಪತ್ತೈದು ಅಂಕ.’

ಮೂವತ್ತೊಂಬತ್ತು ಜನ ಹಸುವನ್ನು ವಿಲೇವಾರಿ ಮಾಡಬೇಕೆಂದು ಬರೆದರು. ಅದರಲ್ಲಿ ಮೂವತ್ತೆಂಟು ಜನ ಮೊದಲನೆಯವನ ಪುಸ್ತಕ ನೋಡಿ ಬರೆದಿದ್ದರು. ಮಹಾಲಕ್ಷ್ಮಿ ಲೇಔಟಿನ ಚೇತನಾ ಎಂಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು. ಅಮೀನಪ್ಪ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

“ಇದೇನವ್ವಾ, ಖರ್ಚಿನ ಪಟ್ಟಿಯೊಳಗ ನನ್ನ ಹೆಸರು ಬಂದೈತಲ್ಲ?”

“ಸಾರ್, ಒಂದು ಖರ್ಚನ್ನೂ ಬಿಡಬಾರದು ಅಂತ ನೀವೇ ಹೇಳಿದ್ರಿ. ಈ ಹಸು ಇರೋದು ನಿಮ್ಮ ಪ್ರಾಕ್ಟಿಕಲ್‌ಗೆ. ಹಸು ಇಲ್ಲದೆ ನೀವು ಪಾಠ ಮಾಡೋ ಹಾಗಿಲ್ಲ. ಅಂದ್ಮೇಲೆ ನಿಮ್ಮ ಸಂಬಳ ಪೂರ್ತಿ ಈ ಹಸು ಲೆಕ್ಕಕ್ಕೇ ಬರಬೇಕಲ್ವಾ?”

“ಬರಬೇಕು,” ಎಂದರು ಅಮೀನಪ್ಪ.

“ಮೇವು, ಹಿಂಡಿ ಸೇರಿ ತಿಂಗಳಿಗೆ ಆರ್ನೂರು. ನೀವು ಆರು ಸಾವಿರ. ಹಸುವನ್ನ ತೆಗೆದ್ರೆ ನಷ್ಟ ಸ್ವಲ್ಪಾನೇ ಕಮ್ಮಿ ಆಗೋದು ಸಾರ್. ನಿಮ್ಮನ್ನ ತೆಗೆದ್ರೆ...” ಅವಳು ಅಲ್ಲಿಗೆ ನಿಲ್ಲಿಸಿದಳು. ಒಳ್ಳೆಯ ಮನೆತನದ ಹುಡುಗಿ. “ಆದಾಯದ ಕಡೆ ಹಸುಗೆ ಸಗಣಿ ಅಂತ ಬರೆದಿದೀನಿ. ನಿಮ್ಮ ಕಡೆ ಏನ್ ಬರೀಬೇಕು ಗೊತ್ತಾಗ್ಲಿಲ್ಲ ಸಾರ್. ಖಾಲಿ ಬಿಟ್ಟಿದೀನಿ.”

ಅಮೀನಪ್ಪ ಆ ಪುಸ್ತಕವನ್ನು ಬಸ್ಸಿನಲ್ಲಿ ಒಮ್ಮೆ, ಮನೆಯಲ್ಲಿ ಎರಡು ಸಲ ಪರೀಕ್ಷಿಸಿದರು. ಒಂದು ತಪ್ಪಾದರೂ ಸಿಗಲಿ ಎಂದು ಹುಡುಕಿದರು. ಖಾಲಿ ಬಿಟ್ಟ ಜಾಗದಲ್ಲಿ ತಾವೇ ಏನಾದರೂ ತುಂಬೋಣವೆಂದು ಪೆನ್ನು ಹಿಡಿದು ಅರ್ಧ ಗಂಟೆ ಕೂತರು. ಏನೂ ಬರಲಿಲ್ಲ. ಕೊನೆಗೆ, ಹೇಳಲು ಸಂಕೋಚವಾದರೂ, ಅವರಿಗೆ ಸಂತೋಷವೇ ಆಯಿತು. ಆರು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿಗೆ ಪಾಠ ಅರ್ಥವಾಗಿತ್ತು. ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟು, ಪಕ್ಕದಲ್ಲಿ ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದರು.

“ನಿಮಗೇನ ಬುದ್ಧಿ ಐತೋ ಇಲ್ಲೋ?” ಎಂದಳು ಹೆಂಡತಿ ದಾನಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. “ನಿಮ್ಮನ್ನ ತಗದ ಹಾಕ್ರಿ ಅಂತ ಬರದಾಕಿಗೆ ಪೂರಾ ಮಾರ್ಕ್ಸು ಕೊಟ್ಟೀರಲ್ಲ!”

“ಲೆಕ್ಕ ಸರಿ ಐತಿ, ದಾನಾ.”

“ಲೆಕ್ಕ ಸರಿ ಇರಲಿ. ಅರ್ಧಾ ಮಾರ್ಕಾದ್ರೂ ಕಡಿಬೇಕಿಲ್ಲೇನು, ಮನಿ ಮಂದಿ ಸಲುವಾಗಿ?”

ಪ್ರಯೋಗದ ಫಲಿತಾಂಶವನ್ನು ಮುಂದಿನ ಕ್ರಮಕ್ಕಾಗಿ ಕಚೇರಿಗೆ ಕಳಿಸುವುದು ಕಾಲೇಜಿನ ಪದ್ಧತಿ. ಶಸ್ತ್ರಚಿಕಿತ್ಸೆಯ ಹುಡುಗರು ಗಾಯ ಕಂಡುಹಿಡಿದರೆ ಕಚೇರಿ ಮುಲಾಮು ತರಿಸುತ್ತಿತ್ತು. ಅರ್ಥಶಾಸ್ತ್ರದಿಂದ ಬಂದ ‘ಅತ್ಯುತ್ತಮ’ವೆಂದು ದೃಢೀಕರಿಸಿದ ಶಿಫಾರಸಿನ ಮೇಲೂ ಕ್ರಮ ಆಗಲೇಬೇಕಿತ್ತು. ಹದಿನೈದು ದಿನದೊಳಗೆ ಅನುತ್ಪಾದಕ ಪಶು ವಿಲೇವಾರಿ ಸಮಿತಿಯ ಸಭೆ ಕರೆಯಲಾಯಿತು. ವಿಷಯ ಒಂದು: ಇಪ್ಪತ್ತಾರನೇ ನಂಬರಿನ ಹಸು. ವಿಷಯ ಎರಡು: ಅಮೀನಪ್ಪ. ಸಮಿತಿಯಲ್ಲಿ ಒಬ್ಬ ಅರ್ಥಶಾಸ್ತ್ರ ತಜ್ಞರು ಕಡ್ಡಾಯವಾಗಿ ಇರಬೇಕಾದ್ದರಿಂದ ಅಮೀನಪ್ಪನವರನ್ನು ಸದಸ್ಯರನ್ನಾಗಿ ನೇಮಿಸಲಾಯಿತು. ನೋಟಿಸೂ ಆಹ್ವಾನವೂ ಒಂದೇ ಲಕೋಟೆಯಲ್ಲಿ ಬಂದವು. ಅಂಚೆ ಖರ್ಚು ಉಳಿಯಿತು.

ಸಭೆಗೆ ಹೊರಟ ದಿನ ಕೆಳಗಿನ ಮನೆಯ ಚಿಕ್ಕಲಕ್ಷ್ಮಮ್ಮ ಗೇಟಿನ ಬಳಿ ಸಿಕ್ಕರು. ಮಾರೇನಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವರು. ಮೂರು ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೇಲೂ ಹಿತ್ತಲಲ್ಲಿ ಎರಡು ಹಸು ಇಟ್ಟುಕೊಂಡಿದ್ದರು. ದಾನಮ್ಮ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

“ಏನ್ ಮೇಷ್ಟ್ರೇ, ಹಾಲು ಕೊಡದೇ ಇದ್ರೆ ತೆಗೆದಾಕ್ಬೇಕು ಅಂತ ಪಾಠ ಮಾಡ್ತೀರಂತೆ? ನಮ್ಮನೇಲೂ ಹಾಲು ಕೊಡದ ಹಸು ಒಂದದೆ. ಏನೂ ಕೊಡದ ಮಗ ಒಬ್ಬ ಅವ್ನೆ. ಯಾರನ್ನ ಅಂತ ಆಚೆಗೆ ಹಾಕಲಿ ಹೇಳಿ?”

ಅಮೀನಪ್ಪ ಬಸ್ಸು ಬಂತೆಂದು ಓಡಿದರು. ಬಸ್ಸು ಬಂದಿರಲಿಲ್ಲ.

ಸಭೆಯ ಅಧ್ಯಕ್ಷರು ಪ್ರಾಂಶುಪಾಲ ಡಾ. ಕೃಷ್ಣಯ್ಯ, ಮೂಲತಃ ಕುದುರೆ ವೈದ್ಯರು, ಯಾರದೇ ಆಗಲಿ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಕಾರ್ಯದರ್ಶಿ, ಕಚೇರಿಯ ಹೆಡ್ ಕ್ಲಾರ್ಕ್ ಮುನಿವೆಂಕಟಪ್ಪ. ಮೊದಲ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು. ಹಸು ಆರೋಗ್ಯವಾಗಿತ್ತು. ಆರೋಗ್ಯವಾಗಿರುವ ಪಶುವನ್ನು ಕೇವಲ ಅನುತ್ಪಾದಕ ಎಂಬ ಕಾರಣಕ್ಕೆ ಹೊರಹಾಕತಕ್ಕದ್ದಲ್ಲ, ಆಯುಷ್ಯ ಇರುವವರೆಗೂ ಮೇವು ಹಾಕತಕ್ಕದ್ದು ಎಂದು ಪಶು ನಿಯಮ ಹೇಳುತ್ತಿತ್ತು. ಹಸು ಉಳಿಯಿತು.

“ಎರಡನೇ ವಿಷಯ,” ಎಂದರು ಕೃಷ್ಣಯ್ಯ. “ಅಮೀನಪ್ಪನೋರೇ, ತಜ್ಞರಾಗಿ ನಿಮ್ಮ ಅಭಿಪ್ರಾಯ ಹೇಳಿ.”

ಅಮೀನಪ್ಪ ಸುಳ್ಳು ಹೇಳಬಹುದಿತ್ತು. ಆದರೆ ಅವರಿಗೆ ಬರುತ್ತಿದ್ದ ವಿದ್ಯೆ ಅರ್ಥಶಾಸ್ತ್ರವೊಂದೇ, ಅದಕ್ಕೂ ದ್ರೋಹ ಮಾಡಿದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. “ಶಾಸ್ತ್ರದ ಪ್ರಕಾರ ತಗೀಬೇಕ್ರಿ ಸರ್.”

“ನಿಮ್ಮದೇನೂ ಆಕ್ಷೇಪ ಇಲ್ವಲ್ಲ?”

“ತಜ್ಞ ಅಂತ ಇಲ್ರಿ. ಮನಿಯೊಳಗ ಐತಿ.”

‘ತಜ್ಞರ ಆಕ್ಷೇಪವಿಲ್ಲ’ ಎಂದು ಮುನಿವೆಂಕಟಪ್ಪ ಬರೆದುಕೊಂಡರು. ಬರೆದವರು ಪೆನ್ನು ಎತ್ತಿ ಹಿಡಿದೇ ಕೂತರು.

“ಏನ್ರೀ ಮುನಿವೆಂಕಟಪ್ಪ?”

“ಒಂದು ಸಣ್ಣ ತೊಡಕು ಸಾರ್. ಈ ಸಮಿತಿಗೆ ಅಧಿಕಾರ ಇರೋದು ದನದ ರಿಜಿಸ್ಟರಲ್ಲಿ ಇರೋರ ಮೇಲೆ ಮಾತ್ರ. ಇವರು ಸಿಬ್ಬಂದಿ ರಿಜಿಸ್ಟರಲ್ಲಿ ಅವ್ರೆ. ಹಾಗೇ ತೆಗೆದ್ರೆ ಆಡಿಟ್‌ನೋರು ಹಿಡೀತಾರೆ.”

“ಹಾಗಾದ್ರೆ ಇದರಿಂದ ತೆಗೆದು ಅದಕ್ಕೆ ಎಂಟ್ರಿ ಮಾಡಿ. ಆಮೇಲೆ ವಿಲೇವಾರಿ ಮಾಡೋಣ.”

ಮುನಿವೆಂಕಟಪ್ಪ ದನದ ರಿಜಿಸ್ಟರು ತರಿಸಿದರು. ಅಮೀನಪ್ಪನಿಗೆ ಮೂವತ್ತೆಂಟನೇ ನಂಬರು ಬಿತ್ತು. ನಮೂನೆಯ ಕಾಲಂಗಳನ್ನು ಒಂದೊಂದಾಗಿ ತುಂಬಲಾಯಿತು.

“ತಳಿ?”

“ಬಾಗಲಕೋಟಿ ಕಡೆಯಾಂವ ರೀ.”

‘ದೇಸಿ’ ಎಂದು ಬರೆದರು.

“ಹಾಯುವ ಅಭ್ಯಾಸ?”

“ಇಲ್ರಿ.”

“ಒದೆಯುವುದು?”

ಅಮೀನಪ್ಪ ತಮ್ಮ ಮೂವತ್ತೊಂಬತ್ತು ವರ್ಷಗಳನ್ನು ಒಮ್ಮೆ ನೆನೆದುಕೊಂಡರು. ಒದೆಯಬೇಕಾದ ಕಡೆಗಳೆಲ್ಲ ನೆನಪಾದವು. “ಒಮ್ಮೆನೂ ಒದ್ದಿಲ್ರಿ,” ಎಂದರು. ಬಾಲದ ಕಾಲಂಗೆ ‘ಅನ್ವಯಿಸುವುದಿಲ್ಲ’ ಎಂದಾಯಿತು. ಬಳಿಕ ಕೃಷ್ಣಯ್ಯನವರು ಎದ್ದು ಬಂದು ಹಲ್ಲು ನೋಡಿದರು, ಕಣ್ಣಿನ ರೆಪ್ಪೆ ಎಳೆದರು, ನಾಲ್ಕು ಹೆಜ್ಜೆ ನಡೆಸಿದರು. ಕುಂಟು ಇರಲಿಲ್ಲ. ‘ಆರೋಗ್ಯವಾಗಿದೆ’ ಎಂದು ಸಹಿ ಹಾಕಿದರು.

ಮುನಿವೆಂಕಟಪ್ಪ ಆ ಸಹಿಯ ಶಾಯಿ ಒಣಗಲೆಂದು ಊದಿದರು.

“ಆರೋಗ್ಯವಾಗಿರೋ ಪಶು ಸಾರ್,” ಎಂದರು ಮುನಿವೆಂಕಟಪ್ಪ ಮೆತ್ತಗೆ. “ತೆಗೆಯೋ ಹಾಗಿಲ್ಲ. ಆಗಲೇ ಹಸು ವಿಷಯದಲ್ಲಿ ತೀರ್ಮಾನ ಮಾಡಿದೀವಿ.”

“ವಾಪಸ್ ಸಿಬ್ಬಂದಿ ರಿಜಿಸ್ಟರಿಗೆ ಹಾಕಿ ಹಾಗಾದ್ರೆ.”

“ದನದ ರಿಜಿಸ್ಟರಿಂದ ಆಚೆ ಹೋಗೋಕೆ ಎರಡೇ ದಾರಿ ಸಾರ್. ಹರಾಜು, ಇಲ್ಲಾ ಮರಣ.”

ಕೃಷ್ಣಯ್ಯ ಅಮೀನಪ್ಪನ ಕಡೆ ನೋಡಿದರು. ಹರಾಜಿನಲ್ಲಿ ಏನು ಬಂದೀತು ಎಂದು ತಜ್ಞರನ್ನು ಕೇಳಿದರು. ತಜ್ಞರು ಪ್ರಾಮಾಣಿಕವಾಗಿ ಯೋಚಿಸಿ, ಪತ್ರಿಕಾ ಪ್ರಕಟಣೆಯ ಖರ್ಚೂ ಹುಟ್ಟುವುದಿಲ್ಲ ಎಂದರು. ಆ ಮಾತನ್ನೂ ನಡಾವಳಿಯಲ್ಲಿ ದಾಖಲಿಸಲಾಯಿತು.

ಮೂರನೆಯ ದಿನ ಆದೇಶ ಹೊರಬಿತ್ತು:

‘ಪಶು ಸಂಖ್ಯೆ ೩೮ ಅನ್ನು ಬೋಧನೆಗೆ ಬಳಸುವ ಪ್ರಾಣಿ ಎಂದು ವರ್ಗೀಕರಿಸಲಾಗಿದೆ. ಸದರಿ ಪಶು ಪ್ರತಿದಿನ ಎರಡು ಗಂಟೆ ತರಗತಿಯಲ್ಲಿ ಹಾಜರಿರತಕ್ಕದ್ದು. ಇದರ ನಿರ್ವಹಣಾ ವೆಚ್ಚವನ್ನು ಮೇವು ಮತ್ತು ಹಿಂಡಿ ಲೆಕ್ಕಶೀರ್ಷಿಕೆಯಡಿ ಭರಿಸತಕ್ಕದ್ದು. ಸಾಯಂಕಾಲ ಮನೆಗೆ ಹೋಗಲು ಅಡ್ಡಿಯಿಲ್ಲ.’

ಮುನಿವೆಂಕಟಪ್ಪ ಆದೇಶ ಕೈಗೆ ಕೊಡುತ್ತ, “ಓದಿ ಬೇಜಾರು ಮಾಡ್ಕೋಬೇಡಿ ಸಾರ್,” ಎಂದರು. “‘ಅವರು’ ಅಂತ ಬರೀಲೋ, ‘ಅದು’ ಅಂತ ಬರೀಲೋ ಅಂತ ಒಂದು ದಿನ ಒದ್ದಾಡಿದೆ. ಆಮೇಲೆ ‘ಹಾಜರಿರತಕ್ಕದ್ದು’ ಅಂತ ಹಾಕ್ದೆ. ನಮ್ಮ ಕಚೇರಿ ಕನ್ನಡದಲ್ಲಿ ಅದೊಂದು ಅನುಕೂಲ, ಮನುಷ್ಯಂಗೂ ಆಗುತ್ತೆ, ದನಕ್ಕೂ ಆಗುತ್ತೆ.”

“ಒಂದು ಕೇಳ್ಲೇನ್ರಿ? ಆ ತೊಡಕು ನಿಮಗ ಸಭಾದೊಳಗ ಹೊಳೀತೋ, ಮೊದಲ ಗೊತ್ತಿತ್ತೋ?”

ಮುನಿವೆಂಕಟಪ್ಪ ಕನ್ನಡಕ ಒರೆಸಿದರು. “ಆರು ವರ್ಷದಲ್ಲಿ ಇಪ್ಪತ್ನಾಲ್ಕು ಸಲ ನಿಮ್ಮನ್ನ ಕೆಲಸದಿಂದ ತೆಗೆದಿರೋ ಆರ್ಡರ್ ಟೈಪ್ ಮಾಡಿದೀನಿ ಸಾರ್. ಬೆರಳು ನೋಯುತ್ತೆ.” ಅಷ್ಟು ಹೇಳಿ ಬೇರೆ ಫೈಲು ತೆಗೆದರು.

ಆದೇಶದ ಪರಿಣಾಮಗಳನ್ನು ಅಮೀನಪ್ಪ ನಿಧಾನವಾಗಿ ಕಂಡುಕೊಂಡರು. ಎಂಬತ್ತೊಂಬತ್ತನೆಯ ದಿನ ಕಳೆಯಿತು, ತೊಂಬತ್ತನೆಯದೂ ಕಳೆಯಿತು. ಯಾರೂ ಮನೆಗೆ ಕಳಿಸಲಿಲ್ಲ. ದನವನ್ನು ಒಂದು ದಿನದ ಮಟ್ಟಿಗೆ ತೆಗೆಯುವ ನಿಯಮವೇ ಇರಲಿಲ್ಲ. ಉಪನ್ಯಾಸಕರ ಸಂಬಳ ಮೂರು ತಿಂಗಳು ತಡವಾಗುವುದು ವಾಡಿಕೆ. ಮೇವು ಒಂದು ದಿನ ತಡವಾದರೂ ಪ್ರಾಣಿದಯೆಯವರು ಬರುತ್ತಾರೆಂಬ ಹೆದರಿಕೆಯಿಂದ ಅಮೀನಪ್ಪನ ಹಣ ಒಂದನೇ ತಾರೀಖೇ ಬರತೊಡಗಿತು. ಜ್ವರ ಬಂದಾಗ ಇಬ್ಬರು ಡಾಕ್ಟರು ಓಡಿ ಬಂದರು. ಆರು ವರ್ಷದಲ್ಲಿ ಅವರ ಆರೋಗ್ಯವನ್ನು ಕಾಲೇಜಿನಲ್ಲಿ ಯಾರೂ ವಿಚಾರಿಸಿರಲಿಲ್ಲ.

ಕಿವಿಯೋಲೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಯಿತು. ನಂಬರು ಇರುವ ಹಳದಿ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿವಿಗೆ ಚುಚ್ಚಬೇಕೆಂಬುದು ನಿಯಮ. ಕೃಷ್ಣಯ್ಯನವರು ದೊಡ್ಡ ಮನಸ್ಸು ಮಾಡಿ, ಕೊರಳಿಗೆ ದಾರದಲ್ಲಿ ಹಾಕಿಕೊಳ್ಳಲು ವಿನಾಯಿತಿ ಕೊಟ್ಟರು. ದಾನಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಮದಿವಿ ಆದಾಗಿಂದ ನನಗ ಕಿವಿಯೋಲಿ ಮಾಡಸ್ತೀನಿ ಅಂತಿದ್ರಿ. ನಿಮಗ ಮೊದಲ ಬಂತು ನೋಡ್ರಿ.”

ಅಮೀನಪ್ಪ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಾನಮ್ಮ ಮೊದಲು ಗಾಬರಿಯಾದಳು, ಆಮೇಲೆ ತಾನೂ ನಕ್ಕಳು.

ಅವರ ಪಾಠವೂ ಸುಧಾರಿಸಿತು. ‘ಇಟ್ಟುಕೊಳ್ಳಬೇಕೋ, ವಿಲೇವಾರಿ ಮಾಡಬೇಕೋ’ ಎಂಬ ಪ್ರಶ್ನೆಗೆ ಈಗ ಅವರು ತಮ್ಮನ್ನೇ ಮೇಜಿನ ಮುಂದೆ ನಿಲ್ಲಿಸಿ ವಿವರಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗರೂ ಎಚ್ಚರವಾಗಿ ಕೂತು, ಅವರನ್ನು ಮೇಲಿಂದ ಕೆಳಗೆ ನೋಡಿ ಅಂಕಿ ಬರೆದುಕೊಳ್ಳುತ್ತಿದ್ದರು. ಅರ್ಥಶಾಸ್ತ್ರದಲ್ಲಿ ಆ ವರ್ಷ ಯಾರೂ ನಪಾಸಾಗಲಿಲ್ಲ.

ಮಾರ್ಚಿನಲ್ಲಿ ಜಾನುವಾರು ಎಣಿಕೆಗೆ ಸರ್ಕಾರದಿಂದ ಒಬ್ಬ ತಪಾಸಣಾಧಿಕಾರಿ ಬಂದರು. ಎಣಿಕೆಯ ದಿನ ಎಲ್ಲ ಪಶುಗಳೂ ಕೊಟ್ಟಿಗೆಯಲ್ಲಿರಬೇಕು. ಅಮೀನಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಇಪ್ಪತ್ತಾರನೇ ನಂಬರಿನ ಪಕ್ಕದಲ್ಲಿ ನಿಂತರು. ಅಧಿಕಾರಿ ತಲೆ ಎತ್ತದೆ ಪೆನ್ಸಿಲ್ ಆಡಿಸುತ್ತ ಎಣಿಸಿ ಬಂದರು: ಮೂವತ್ತಾರು, ಮೂವತ್ತೇಳು, ಮೂವತ್ತೆಂಟು. ಅಮೀನಪ್ಪನ ಮುಂದೆ ಒಂದು ಕ್ಷಣ ನಿಂತು, ಕೊರಳಿನ ಬಿಲ್ಲೆಯ ನಂಬರು ತಾಳೆ ನೋಡಿ ಗುರುತು ಹಾಕಿದರು. ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಬಳಿ ನಿಂತಿದ್ದ ಸಂಖ್ಯಾಶಾಸ್ತ್ರದ ಉಪನ್ಯಾಸಕಿ ಜಲಜಾ ಮೇಲೆ ಬಿತ್ತು.

“ಇವರ ನಂಬರ್ ಎಷ್ಟು?”

“ಇನ್ನೂ ನಂಬರ್ ಬಿದ್ದಿಲ್ಲ ಸಾರ್,” ಎಂದರು ಮುನಿವೆಂಕಟಪ್ಪ. “ಟೆಂಪರರಿ.”

“ಟೆಂಪರರಿಯವರಿಗೆ ಇಲ್ಲೇನ್ ಕೆಲಸ? ಆಚೆ ಕಳಿಸಿ.”

ಜಲಜಾ ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತರು. ಎಣಿಕೆ ಮುಗಿದು, ಲೆಕ್ಕ ಸರಿಯಾಗಿದೆಯೆಂದು ಷರಾ ಬರೆದು ಅಧಿಕಾರಿಗಳು ಕಾಫಿಗೆ ಹೊರಟ ಮೇಲೆ, ಆಕೆ ಕೊಟ್ಟಿಗೆಯ ಅರ್ಧ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

“ಸಾರ್, ಒಳಗೆ ಹೇಗಿದೆ?”

ಅಮೀನಪ್ಪ ಪ್ರಾಮಾಣಿಕವಾಗಿಯೇ ಉತ್ತರಿಸಿದರು.

“ಸೊಳ್ಳಿ ಭಾಳ ಅದಾವ್ರಿ ಮೇಡಂ. ಉಳದದ್ದೆಲ್ಲಾ ಚಲೋ ಐತಿ.”

ಜಲಜಾ ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಜಿ ನಮೂನೆ ಯಾರ ಹತ್ತಿರ ಸಿಗುತ್ತದೆ ಎಂದು ಕೇಳಿದರು.