ಹಾಲ್ ಟಿಕೆಟ್ಟಿಗಾಗಿ ಒಂದು ಪ್ರಬಂಧ

ನಾನು ಯಾವಾಗ ಗಂಭೀರವಾಗಿ ಕೆಲಸಕ್ಕೆ ಕೂತರೂ ಅದು ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಗುವುದರಲ್ಲೇ ಮುಗಿಯುತ್ತದೆ. ನಗಿಸಬೇಕೆಂದು ಹೊರಟಾಗ ಮಾತ್ರ ಒಬ್ಬರೂ ನಗುವುದಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಹರಪನಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗಲೂ ಹಾಗೇ ಆಯಿತು.

೧. ರೂಪುರೇಷೆ

ಓದುತ್ತಿದ್ದಾಗ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನಾನು ಕವಿ ಎಂದು ನಾನೇ ನಂಬಿದ್ದೆ. ಕವಿಯಾದವನು ಕ್ಲಾಸಿನಲ್ಲಿ ಕೂರುವುದಿಲ್ಲ, ಹೋಟೆಲಿನಲ್ಲಿ ಕೂರುತ್ತಾನೆ ಎಂದೂ ನಂಬಿದ್ದೆ. ಅಲ್ಲಿ ಮೂರು ವರ್ಷ ಕೂತು ಬರೆದದ್ದು ಎರಡೂವರೆ ಕವಿತೆ. ಹಾಜರಾತಿ ಸಾಲದು, ಹಾಲ್ ಟಿಕೆಟ್ ಕೊಡುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಪರೀಕ್ಷೆ ತಪ್ಪಿದರೆ ಅಪ್ಪ ನನ್ನನ್ನು ಕೂಡ್ಲಿಗಿಯ ಸೋದರಮಾವನ ಗೊಬ್ಬರದ ಅಂಗಡಿಗೆ ಹಾಕುವುದು ಖಂಡಿತವಿತ್ತು. ಮಾವ ಆಗಲೇ ನನಗಾಗಿ ಒಂದು ಸ್ಟೂಲು ಒರೆಸಿಟ್ಟಿದ್ದರಂತೆ.

ಕನ್ನಡದ ಸರ್ ಅಡ್ಡ ಬಂದರು. "ಒಂದು ಪ್ರಬಂಧ ಬರಿಸ್ತೀನ್ರಿ ಸರ್. ಚೊಲೊ ಬರದ್ರ ಹುಡುಗನ್ನ ಬಿಟ್ಟುಬಿಡ್ರಿ" ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿದರು. ಸರ್ ಆಗಷ್ಟೇ ಯಾವುದೋ ವಿಚಾರ ಸಂಕಿರಣ ಮುಗಿಸಿ ಬಂದಿದ್ದರು. ಅಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ವಿಷಯ ಕೊಟ್ಟರು: 'ಸಾಹಿತ್ಯ, ಅಸ್ಮಿತೆ ಮತ್ತು ಬುಡಮೇಲು ತಂತ್ರಜ್ಞಾನ'. ಮೊದಲು ರೂಪುರೇಷೆ ತಂದು ತೋರಿಸು ಎಂದರು.

ಮಾರನೆಯ ದಿನವೇ ಒಯ್ದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಸರ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಆಕಳ ಮ್ಯಾಲಿನ ಪ್ರಬಂಧಕ್ಕೂ ಆಗತೈತಲ್ಲೋ."

"ಆಗತೈತ್ರಿ ಸರ್. ಏಳನೇ ಕ್ಲಾಸಿನ್ಯಾಗ ಅದಕ್ಕ ಬರ್ದಿದ್ದೆ."

೨. ಅಸ್ಮಿತೆ

"ಅಸ್ಮಿತೆನ ಪುಸ್ತಕದಾಗ ಹುಡುಕಬ್ಯಾಡ. ನಾನು ಯಾರು ಅಂತ ನಿನ್ನ ನೀನ ಕೇಳ್ಕೊ" ಎಂದು ಸರ್ ಕಳಿಸಿದರು. ಶನಿವಾರ ನಮ್ಮೂರಾದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಪಕ್ಕದ ಅಜ್ಜ, "ಯಾವೂರಪ ತಮ್ಮ? ಯಾರ ಪೈಕಿ?" ಎಂದ. ನಮ್ಮ ಕಡೆ ಕಂಡಕ್ಟರ್ ಟಿಕೆಟ್ ಕೇಳುವುದಕ್ಕಿಂತ ಮೊದಲು ಈ ಪ್ರಶ್ನೆ ಬರುತ್ತದೆ.

ನಾನು ನಿಟ್ಟುಸಿರು ಬಿಟ್ಟು, "ನಾನು ಯಾರು ಅನ್ನೋದು ನನಗ ಇನ್ನೂ ಗೊತ್ತಾಗವಲ್ದು ಅಜ್ಜಾರ. ಅದನ್ನ ಹುಡುಕಾಕ ಹತ್ತೀನಿ" ಎಂದೆ.

ಅಜ್ಜ ನನ್ನ ಮುಖ ನೋಡಿ, ಹಣೆ ಮುಟ್ಟಿ ನೋಡಿ, ಕಂಡಕ್ಟರನನ್ನು ಕೂಗಿದ. "ಏ ಕಂಡಕ್ಟ್ರ, ಪಾಪ ಈ ಹುಡುಗಗ ಊರು ಮನಿ ಒಂದೂ ನೆನಪಿಲ್ಲಂತ."

ಬಸ್ಸಿಗೆ ಬಸ್ಸೇ ನನ್ನ ಸುತ್ತ ಬಗ್ಗಿತು. ನನಗೆ ಎಲ್ಲ ನೆನಪಿದೆ ಎಂದು ಹೇಳಿದಷ್ಟೂ ಅವರಿಗೆ ಕನಿಕರ ಹೆಚ್ಚಿತು. ಒಬ್ಬರು ನೀರು ಕುಡಿಸಿದರು. ಒಬ್ಬ ಅಮ್ಮ ನನ್ನ ಗದ್ದ ಹಿಡಿದು ತಿರುಗಿಸಿ, "ಈ ಮೂಗು ನಮ್ಮ ತಂಬ್ರಹಳ್ಳಿದು" ಎಂದಳು. ಸುಳ್ಳಲ್ಲ, ನನ್ನ ತಾತ ತಂಬ್ರಹಳ್ಳಿಯವನು. ಅಲ್ಲಿಂದ ಹಿಡಿದು ತಾತ, ಅಪ್ಪ, ಅವ್ವನ ತವರುಮನೆ ಎಲ್ಲವನ್ನೂ ಅವರವರೇ ಕೂಡಿಸಿ ಹೊರತೆಗೆದರು. ಮೂರು ವರ್ಷದಲ್ಲಿ ನನ್ನಿಂದ ಆಗದ್ದು ಕೊಟ್ಟೂರು ಬರುವಷ್ಟರಲ್ಲಿ ಮುಗಿದಿತ್ತು.

ಇಳಿಯುವಾಗ ಆ ಅಮ್ಮ ಎಲ್ಲರಿಗೂ ಕೇಳುವಂತೆ ಸಾರಿದಳು: "ಹೌದು, ಇವನ. ಓದಾಕ ಕಳಿಸಿದ್ರ ಹೋಟೆಲಿನ್ಯಾಗ ಕುಂದರ್ತಾನಂತಲ್ಲ, ಆ ಹುಡುಗ."

೩. ಬುಡಮೇಲು

ಇನ್ನು ಉಳಿದದ್ದು ತಂತ್ರಜ್ಞಾನ. ಇದ್ದದ್ದನ್ನೆಲ್ಲ ತಲೆಕೆಳಗು ಮಾಡುವ ಯಂತ್ರವನ್ನು ಕಣ್ಣಾರೆ ನೋಡಿ ಬರೆಯೋಣವೆಂದು ಕಾಲೇಜಿಗೆ ಬಂದಿದ್ದ ಒಂದೇ ಒಂದು ಕಂಪ್ಯೂಟರಿನ ಕೋಣೆಗೆ ಹೋದೆ. ಬೀಗದ ಕೈ ಅಟೆಂಡರ್ ಹತ್ತಿರ ಇತ್ತು. ಅವರು ಚಪ್ಪಲಿ ಹೊರಗೆ ಬಿಡಿಸಿ, ಕಾಲು ತೊಳೆಸಿ ಒಳಗೆ ಬಿಟ್ಟರು. ಜರಿಯಂಚಿನ ಬಟ್ಟೆ ಸರಿಸಿದಾಗ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಕಂಡಿತು. ನನಗರಿಯದೆ ಕೈ ಮುಗಿದುಬಿಟ್ಟೆ.

"ಚಾಲೂ ಮಾಡ್ರಿ, ನೋಡೋಣ" ಎಂದೆ.

"ಚಾಲೂ ಮಾಡಿದ್ರ ಕೆಡತೈತಿ. ಬಂದು ಎಂಟು ತಿಂಗಳಾತು, ಹೆಂಗ ಹೊಸದಂಗ ಐತಿ ನೋಡು."

"ಹಂಗಾದ್ರ ಇದು ಏನನ್ನ ಬುಡಮೇಲು ಮಾಡೈತ್ರಿ?"

"ನನ್ನ ಕುರ್ಚಿನ. ಇದನ್ನ ಇಡಾಕ ಜಾಗ ಸಾಲ್ದು ಅಂತ ನನ್ನ ಕುರ್ಚಿ ತಗದು ಹೊರಗ ಹಾಕ್ಯಾರ."

ಅದನ್ನು ಹಾಗೆಯೇ ಬರೆದೆ. ಇಪ್ಪತ್ತು ಪುಟ ಓದಿದ ಸರ್ ಆ ಸಾಲಿನ ಕೆಳಗೆ ಮಾತ್ರ ಗೆರೆ ಎಳೆದರು. ಪ್ರಬಂಧದಲ್ಲಿ ಸ್ವಂತ ವಿಚಾರ ಅಂತ ಇರುವುದು ಇದೊಂದೇ, ಅದೂ ಅಟೆಂಡರದು ಎಂದರು.

೪. ಮುಖಪುಟ

ಸರ್ ಹೇಗೋ ಒಪ್ಪಿದರು. ಆದರೆ ಪ್ರಿನ್ಸಿಪಾಲರಿಗೆ ಕೊಡುವ ಪ್ರತಿಗೆ ಕಂಪ್ಯೂಟರಿನಲ್ಲಿ ಅಚ್ಚಾದ ಮುಖಪುಟ ಬೇಕು, ಅದರ ಮೇಲೆ ವಿದ್ಯಾರ್ಥಿಯ ಫೋಟೋ ಇರಬೇಕು ಎಂದರು. ಕೊಟ್ಟೂರಿನ ಡಿಟಿಪಿ ಅಂಗಡಿಗೆ ಹೋದೆ. ಮದುವೆ ಸುಗ್ಗಿ, ಅಂಗಡಿಯವನಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ನನ್ನ ಫೋಟೋ ಮತ್ತು ಒಂದು ಚೀಟಿ ಕೊಟ್ಟೆ. ಚೀಟಿಯಲ್ಲಿ ಪ್ರಬಂಧದ ಹೆಸರು, ನನ್ನ ಹೆಸರು, ಕೊನೆಗೆ 'ಪ್ರಿನ್ಸಿಪಾಲರು ಮತ್ತು ಸಿಬ್ಬಂದಿ ವರ್ಗ' ಎಂದಿತ್ತು. ಅವರಿಗೆ ಅರ್ಪಣೆ ಎಂದು ಬಾಯಲ್ಲಿ ಹೇಳಿದ್ದೆ.

"ಫೋಟೋ ಹಾಕೋ ಡಿಸೈನ್ ನನ್ನ ಹತ್ರ ಒಂದ ಐತಿ. ಭಾಳ ಚೊಲೊ ಐತಿ, ನೀ ಚಿಂತಿ ಬಿಡು" ಎಂದ. ಅಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಬೆಳಿಗ್ಗಿ ಮೊದಲ್ನೇ ಬಸ್ಸಿನ ಕಂಡಕ್ಟರ್ ಕೈಯಾಗ ಕಳಿಸ್ತೀನಿ, ಹೋಗು."

ಮಾತು ತಪ್ಪಲಿಲ್ಲ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಂಟು ಹಾಕಿದ ಲಕೋಟೆ ಕೊಟ್ಟ. ಪ್ರಬಂಧ ಕೊಡಲು ಅದೇ ಕೊನೆಯ ದಿನ. ಹರಿದ ಲಕೋಟೆ ಕೊಟ್ಟರೆ ಮರ್ಯಾದೆಯಲ್ಲವೆಂದು ತೆರೆಯದೆ ಓಡಿಹೋಗಿ ಪ್ರಬಂಧದ ಜೊತೆ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. ಸರ್ ಕೂಡ ಅಲ್ಲೇ ಕೂತಿದ್ದರು.

ಪ್ರಿನ್ಸಿಪಾಲರು ಲಕೋಟೆ ಒಡೆದು ಮುಖಪುಟವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು. ಹಾಳೆಯನ್ನು ಸರ್ ಕಡೆ ತಳ್ಳಿದರು. ಸರ್ ತಲೆ ತಗ್ಗಿಸಿದರು, ಅವರ ಭುಜ ಮಾತ್ರ ಕುಣಿಯುತ್ತಿತ್ತು. ನಾನು ಬಗ್ಗಿ ನೋಡಿದೆ.

ಸುತ್ತ ಕಪ್ಪು ಅಂಚು. ಎರಡೂ ಬದಿಗೆ ಉರಿಯುವ ದೀಪ. ನಡುವೆ ನನ್ನ ಫೋಟೋ, ಫೋಟೋಗೆ ಹಾರ. ಮೇಲೆ ಪ್ರಬಂಧದ ಹೆಸರು, ಕೆಳಗೆ ನನ್ನ ಹೆಸರು. ಅದರ ಕೆಳಗೆ, 'ದುಃಖತಪ್ತರು: ಪ್ರಿನ್ಸಿಪಾಲರು ಮತ್ತು ಸಿಬ್ಬಂದಿ ವರ್ಗ'. ನಮ್ಮೂರಲ್ಲಿ ಫೋಟೋ ಸಮೇತ ಅಚ್ಚು ಹಾಕಿಸುವವರು ತೀರಿಕೊಂಡವರ ಮನೆಯವರು ಮಾತ್ರ ಎಂಬುದು ನನಗೆ ಹೊಳೆದೇ ಇರಲಿಲ್ಲ.

ನನ್ನ ಕಣ್ಣ ಮುಂದೆ ಗೊಬ್ಬರದ ಅಂಗಡಿಯ ಚೀಲಗಳು ಸಾಲಾಗಿ ನಿಂತವು.

ಪ್ರಿನ್ಸಿಪಾಲರು ಡ್ರಾದಿಂದ ನನ್ನ ಹಾಲ್ ಟಿಕೆಟ್ ತೆಗೆದು, ಸಹಿ ಹಾಕಿ, ಮುಂದೆ ಚಾಚಿದರು.

"ಮೂರು ವರ್ಷದಾಗ ಗೈರುಹಾಜರಿಗೆ ನೀ ಕೊಟ್ಟ ಕಾರಣದಾಗ ನಂಬೋ ಹಂಗ ಇರೋದು ಇದೊಂದ ನೋಡಪ. ತಗೋ, ಪರೀಕ್ಷಿ ಬರಿ ಹೋಗು."