ಮಾವನ ಕಿಡ್ನಿಯೂ ಮೂರು ಲ್ಯಾಬಿನ ರಿಪೋರ್ಟೂ

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡಿರುವ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತೆಗೆಯುವುದು ಬಂದವರ ರಕ್ತ, ಕುದಿಯುವುದು ನನ್ನದು. ವಾರಕ್ಕೆ ಒಬ್ಬರಾದರೂ ಬಂದು ಕುದಿಸಿ ಹೋಗದಿದ್ದರೆ ಲ್ಯಾಬಿನ ಬಾಗಿಲು ತೆಗೆದೆನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಕಳೆದ ವರ್ಷ ಈ ಕೆಲಸವನ್ನು ಪೂರ್ತಿ ಗುತ್ತಿಗೆ ಹಿಡಿದವರು ನನ್ನ ಸೋದರಮಾವ. ಕೆ. ಹೊಸಕೋಟೆ ಕಡೆ ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಅರವತ್ತೆಂಟು ವರ್ಷ ವಯಸ್ಸು, ಎರಡೂ ಮಂಡಿಯಲ್ಲಿ ನೋವು. ಹಿಂದಿನ ವರ್ಷ ಅವರ ಕ್ರಿಯಾಟಿನಿನ್ 1.1 ಇತ್ತು. ದೀಪಾವಳಿ ಕಳೆದ ಮೇಲೆ ನೋಡಿದರೆ 1.4. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಈ ಕ್ರಿಯಾಟಿನಿನ್ ಉಳಿದುಕೊಂಡು ಅಂಕಿ ಏರುತ್ತದೆ. ಇಲ್ಲಿನ ಡಾಕ್ಟರು, "ಇದು ಒಂದು ದಿನದ ಏರಾ, ಏರ್ತಾನೇ ಇದೆಯಾ ಅಂತ ಗೊತ್ತಾಗಬೇಕು. ಮಂಡಿನೋವಿನ ಮಾತ್ರೆ ನಿಲ್ಲಿಸಿ, ಮೂರು ವಾರ ಬಿಟ್ಟು ಇನ್ನೊಂದು ಸಲ ಪರೀಕ್ಷೆ ಮಾಡಿಸಿ, ಹಳೇ ರಿಪೋರ್ಟ್ ಎಲ್ಲಾ ತನ್ನಿ" ಎಂದರು.

ಇದರಲ್ಲಿ ಅರ್ಥವಾಗದ್ದು ಏನಿದೆ ಹೇಳಿ? ನಮ್ಮ ಬೀದಿಯಲ್ಲೇ ಒಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಹಾಸನದ ಬಸ್ಸು ಹತ್ತುವುದನ್ನು ನಾನು ದಿನಾ ನೋಡುತ್ತೇನೆ. ಅಮ್ಮನಿಗೆ ಉಳಿದಿರುವುದು ಈ ಒಬ್ಬ ತಮ್ಮ. ಅವರೂ ಆ ಬಸ್ಸು ಹತ್ತಬಾರದು ಎಂಬುದೊಂದೇ ನನ್ನ ಹಟ. ಮಾವನ ಹಟವೇ ಬೇರೆ.

ಪುಸ್ತಕ

ಹಳೇ ರಿಪೋರ್ಟ್ ಹುಡುಕಲು ನಾನೇ ಒಂದು ಭಾನುವಾರ ಅವರ ಮನೆಗೆ ಹೋದೆ. ಜಗುಲಿಯ ಮೊಳೆಗೆ ಮಳೆ ಪುಸ್ತಕ ನೇತುಬಿದ್ದಿತ್ತು. ನಮ್ಮ ಕಡೆ ಕಾಫಿ ಇರುವ ಮನೆಯಲ್ಲೆಲ್ಲ ಅದೊಂದು ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ, ಎಷ್ಟು ಇಂಚು, ಎಷ್ಟು ಸೆಂಟು (ನೂರು ಸೆಂಟಿಗೆ ಒಂದು ಇಂಚು) ಎಂದು ಬರೆದ ಮೇಲೇ ಕಾಫಿ ಕುಡಿಯುವುದು.

"ಮಾವ, ಹೋದ ವರ್ಷ ಕಾಫಿ ಅರಳಿಸೋ ಹೂಮಳೆ ಎಷ್ಟು ಬಂತು?" ಎಂದು ಸುಮ್ಮನೆ ಕೇಳಿದೆ.

"ಒಂದಿಂಚು ಹತ್ತು ಸೆಂಟು. ಅದರ ಹಿಂದಿನ ವರ್ಷ ತೊಂಬತ್ತೇ ಸೆಂಟು. ಅದರ ಹಿಂದಿನ ವರ್ಷದ್ದು ಬೇಕಾ?"

"ಬೇಡ. ಹೋದ ವರ್ಷದ ರಕ್ತದ ರಿಪೋರ್ಟ್ ಎಲ್ಲಿ?"

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಅಟ್ಟದ ಮುಖ ನೋಡಿದರು. ಕೊನೆಗೆ ಅದು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಕೆಳಗೆ ಸಿಕ್ಕಿತು. ಎಣ್ಣೆ ಇಳಿದು ಅರ್ಧ ಅಂಕಿಗಳು ಮಾಯವಾಗಿದ್ದವು. ಪುಣ್ಯಕ್ಕೆ ನಮಗೆ ಬೇಕಾದ ಸಾಲು ಉಳಿದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತೈದು ವರ್ಷದ ಮಳೆ ಒಂದು ಹನಿ ಬಿಡದೆ ಬರೆದಿಟ್ಟ ಮನುಷ್ಯ, ತನ್ನ ಮೈಯ ಎರಡು ಹಾಳೆ ಇಟ್ಟುಕೊಳ್ಳಲಾರರೆ?

"ಅಲ್ಲ ಮಾವ, ಮಳೆದಾದ್ರೆ ಇಷ್ಟು ಜೋಪಾನ, ರಕ್ತದ್ದು ಯಾಕೆ ಹೀಗೆ?"

"ಮಳೆ ಬಂದ್ ಹೋಗ್ಬುಡ್ತದೆ ಮಗಾ, ಬರ್ದಿಡ್ಬೇಕು. ರಕ್ತ ನನ್ ಮೈನಾಗೇ ಐತಲ್ಲ, ಎಲ್ಗೋಯ್ತದೆ?"

ಖಾಲಿ ಹೊಟ್ಟೆ

ಮೂರು ವಾರ ಕಳೆದು ಮಾವ ಬಂದರು. ಸಕ್ಕರೆಯನ್ನೂ ನೋಡಿಬಿಡೋಣ ಎಂದು ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಬಂದ ಮಾವನ ತುಟಿ ಒಣಗಿ ಬಿರಿದಿತ್ತು, ನಾಲಿಗೆ ಅಂಗುಳಿಗೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ. ತೋಳಿನಲ್ಲಿ ನರ ಸಿಗಲು ನಾನು ಮೂರು ಕಡೆ ತಡಕಾಡಬೇಕಾಯಿತು.

ಅಂಕಿ 1.7 ಬಂತು. ಮೂರೇ ವಾರದಲ್ಲಿ ಇಷ್ಟು ಏರಿದರೆ ಇವರ ಗತಿ ಏನು? ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಮಾವನನ್ನು ಕೂರಿಸಿಕೊಂಡು ವಿಚಾರಿಸಿದರು.

"ನಿನ್ನೆ ಏನು ಮಾಡಿದ್ರಿ?"

"ಕಾಫಿ ಹಣ್ ಕುಯ್ಸಿದೆ. ಆಳು ಕಮ್ಮಿ, ನಾನೂ ಕುಯ್ದೆ. ಬಿಸ್ಲಲ್ಲಿ ಸಂಜೆಗಂಟ."

"ಊಟ?"

"ನೆಂಟ್ರು ಮನೇಲಿ ಹಂದಿ ಊಟ ಇತ್ತು. ಚೆನ್ನಾಗೇ ಆಯ್ತು."

"ನೀರು ಎಷ್ಟು ಕುಡಿದ್ರಿ?"

"ಕುಡೀಲಿಲ್ಲ. ಮಧ್ಯಾನ್ದಿಂದ ಒಂದ್ ತೊಟ್ಟೂ ಮುಟ್ಟಿಲ್ಲ."

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಬಿಸಿಲಲ್ಲಿ ದುಡಿದು, ಹೊಟ್ಟೆ ತುಂಬ ಮಾಂಸ ತಿಂದು, ನೀರು ಬಿಟ್ಟು ಬಂದರೆ ಗಟ್ಟಿ ಕಿಡ್ನಿಯವರ ಅಂಕಿಯೂ ಒಂದಿಷ್ಟು ಏರುತ್ತದೆ. ಈಗ ಈ 1.7ರಲ್ಲಿ ರೋಗ ಎಷ್ಟು, ಹಂದಿ ಎಷ್ಟು ಎಂದು ಯಾರು ಬೇರೆ ಮಾಡುವುದು? ಮತ್ತೊಂದು ವಾರ ಬಿಟ್ಟು, ನೀರು ಕುಡಿದುಕೊಂಡು ಬನ್ನಿ ಎಂದು ಕಳಿಸಿದರು.

ಹೊರಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. "ನೀರು ಕುಡೀಬೇಡಿ ಅಂತ ಯಾರಾದ್ರೂ ಹೇಳಿದ್ರಾ ಮಾವ?"

ಮಾವನಿಗೆ ನನಗಿಂತ ಸಿಟ್ಟು ಬಂತು. "ಖಾಲಿ ಹೊಟ್ಟೆ ಅಂದ್ರು ತಾನೆ? ನೀರೇನು ಜೇಬಿಗೆ ಹೋಯ್ತದಾ? ಅದೂ ಹೊಟ್ಟೆಗೇ ಕಣವ್ವ ಹೋಗೋದು!"

ಏರಿದ್ದು, ಇಳಿದದ್ದು

ಮುಂದಿನ ವಾರ ನೀರು ಕುಡಿದು, ಮಾಂಸ ಬಿಟ್ಟು ಬಂದರು. 1.5 ಬಂತು. ಅಂದರೆ 1.7 ಪೂರ್ತಿ ನಿಜವಲ್ಲ, ಆದರೆ ಮೊದಲಿನ 1.4ಕ್ಕಿಂತ ಇಳಿದೂ ಇಲ್ಲ.

ನಮ್ಮ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಕೆಳಗೆ ಇನ್ನೊಂದು ಅಂಕಿ ಇರುತ್ತದೆ. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಕಿಡ್ನಿ ಎಷ್ಟು ಚುರುಕಾಗಿ ಸೋಸುತ್ತಿದೆ ಎಂದು ಹೇಳುವ ಅಂಕಿ ಅದು. ಮೇಲಿನದು ಏರಿದರೆ ಇದು ಇಳಿಯುತ್ತದೆ, ಎರಡೂ ಹೇಳುವುದು ಒಂದೇ ಸುದ್ದಿ. ಮಾವನದು ಹಿಂದಿನ ವರ್ಷ ಎಪ್ಪತ್ತಮೂರು ಇತ್ತು, ಈಗ ಐವತ್ತು.

ಹಳೇದು, ಹೊಸದು ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಬಿಡಿಸಿ ಹೇಳಿದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮುಖದಲ್ಲಿ ಮೆಲ್ಲಗೆ ನಗು ಬಂತು. ಅರ್ಥವಾಯಿತು ಎಂದುಕೊಂಡು ನಾನೂ ನಕ್ಕೆ. ನನ್ನ ಬುದ್ಧಿಗಿಷ್ಟು.

"ಒಂದು ಹತ್ತೈತೆ, ಒಂದು ಇಳ್ದೈತೆ. ಹಂಗಾದ್ರೆ ಸರಿಹೋಯ್ತಲ್ಲ ಮಗಾ. ಕಾಫಿ ರೇಟ್ ಬಿದ್ದ್ ವರ್ಷ ಮೆಣಸು ಕೈ ಹಿಡೀತದೆ. ಹಂಗೇ ಇದೂವೆ!"

ಮೀಟರ್

ಇದಾದ ಮೇಲೆ ಮಾವ ನನ್ನ ಲ್ಯಾಬಿಗೇ ಬರಲಿಲ್ಲ. ಎರಡು ಸಲ ಫೋನ್ ಮಾಡಿದರೆ "ಬತ್ತೀನಿ, ಬತ್ತೀನಿ" ಎಂದರು. ಆಮೇಲೆ ಒಂದು ದಿನ ಎದೆಯುಬ್ಬಿಸಿಕೊಂಡು ಬಂದು ಎರಡು ರಿಪೋರ್ಟ್‌ಗಳನ್ನು ನನ್ನ ಮುಂದೆ ಇಟ್ಟರು. ಒಂದು ಸಕಲೇಶಪುರದ ಲ್ಯಾಬಿನದು, ಇನ್ನೊಂದು ಆಲೂರಿನದು. ಎರಡೂ ಒಂದೇ ದಿನದ್ದು. ಒಂದರಲ್ಲಿ 1.6, ಇನ್ನೊಂದರಲ್ಲಿ 1.4.

"ನಿಮ್ಮಲ್ಲೂ ಒಂದ್ ಸಲ ನೋಡ್ಬುಡು" ಎಂದು ತೋಳು ಚಾಚಿದರು. ನೋಡಿದೆ. 1.5.

"ನೋಡ್ದಾ? ನಿಮ್ಮದು ಬೇಡ, ಸಕಲೇಶಪುರದ್ದೂ ಬೇಡ. ನಾನು ಆಲೂರಿಗೇ ಹಾಕ್ತೀನಿ."

ಹಾಕುವುದು! ನನಗೆ ಆಗ ಹೊಳೆಯಿತು ಇವರು ಏನು ಮಾಡುತ್ತಿದ್ದಾರೆ ಎಂದು. ನಮ್ಮ ಕಡೆ ಕಾಫಿ ಮಾರುವಾಗ ವ್ಯಾಪಾರಿ ಮೀಟರಿನಲ್ಲಿ ತೇವಾಂಶ ನೋಡುತ್ತಾನೆ. ತೇವ ಜಾಸ್ತಿ ತೋರಿಸಿದರೆ ಬೆಳೆಗಾರ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಚೀಲ ಎತ್ತಿಕೊಂಡು ಮುಂದಿನ ಅಂಗಡಿಗೆ, ಅಲ್ಲಿಂದ ಅದರಾಚೆಯದಕ್ಕೆ. ಯಾರ ಮೀಟರು ಕಡಿಮೆ ತೋರಿಸಿತೋ ಅವನಿಗೇ ಮಾಲು. ಮಾವ ಇಷ್ಟು ದಿನ ಕಾಫಿ ಹೊತ್ತು ತಿರುಗಿದ ಹಾಗೆಯೇ ತಮ್ಮ ಕಿಡ್ನಿಯನ್ನು ಹೊತ್ತುಕೊಂಡು ಮೂರು ಊರು ಸುತ್ತಿದ್ದರು.

ನಾನು ಗಂಟಲು ಹರಿದುಕೊಂಡೆ. ಒಂದೊಂದು ಮಷೀನಿಗೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೇ ಒಂದೇ ಕಡೆ ನೋಡಿಸಬೇಕು, ಹಿಂದಿನದಕ್ಕೂ ಇಂದಿನದಕ್ಕೂ ಎಷ್ಟು ವ್ಯತ್ಯಾಸ ಎಂಬುದೇ ಮುಖ್ಯ, ಆಲೂರಿನ 1.4 ಕೂಡ ನಿಮ್ಮ ಹಳೇ 1.1ಕ್ಕಿಂತ ಜಾಸ್ತಿಯೇ ಎಂದೆಲ್ಲ ಹೇಳಿದೆ. ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿ ನೋಡಿದರು.

ಮಾವ ನನ್ನ ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕಬೇಡ ಕಣವ್ವ. ನೆಂಟಸ್ತನ ಬೇರೆ, ಮೀಟ್ರು ಬೇರೆ."

ಸೂಜಿ

ಮಳೆಗಾಲ ಶುರುವಾಗುವ ಹೊತ್ತಿಗೆ ಅಮ್ಮ ಅತ್ತೂ ಕರೆದೂ ತಮ್ಮನನ್ನು ಮತ್ತೆ ನನ್ನ ಲ್ಯಾಬಿಗೆ ಕಳಿಸಿದಳು. 1.9.

ಈ ಸಲ ನೀರು ಕುಡಿದಿದ್ದರು. ಮಾಂಸ ತಿಂದಿರಲಿಲ್ಲ. ಲ್ಯಾಬು ಅದೇ, ಮಷೀನು ಅದೇ. ನೆಪ ಹೇಳಲು ಏನೂ ಉಳಿದಿರಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ, ಹೆದರಿಕೆಯೇ ಆಯಿತು. ಕಿಡ್ನಿ ಕೆಡುವಾಗ ನೋಯುವುದಿಲ್ಲ. ಎದುರಿಗೆ ಕೂತ ಮನುಷ್ಯ ಚೆನ್ನಾಗಿ ನಗುತ್ತಾ, ಚಹಾ ತರಿಸು ಎನ್ನುತ್ತಿದ್ದಾರೆ, ಕಾಗದ ಮಾತ್ರ ಹಾಸನದ ಬಸ್ಸು ತೋರಿಸುತ್ತಿದೆ.

"ಮಾವ, ನಿಜ ಹೇಳಿ. ನೋವಿನ ಮಾತ್ರೆ ನುಂಗ್ತಾ ಇದ್ದೀರಿ ತಾನೆ?"

"ನಿಮ್ಮಮ್ಮನ ಆಣೆ ಕಣೆ! ಮಾತ್ರೆ ಬಿಟ್ಟು ಆರೇಳ್ ತಿಂಗ್ಳಾಯ್ತು. ಒಂದೇ ಒಂದ್ ಮುಟ್ಟಿಲ್ಲ."

ಅಮ್ಮನ ಮೇಲೆ ಆಣೆ ಇಟ್ಟರೆ ಮಾವ ಸುಳ್ಳು ಹೇಳುವುದಿಲ್ಲ. ಹಾಗಾದರೆ ಮಂಡಿನೋವು ಎಲ್ಲಿ ಹೋಯಿತು? ಕೆಸರಲ್ಲಿ ಬೇಲಿಯ ಕಂಬ ನೆಟ್ಟುಕೊಂಡು ತಿರುಗುತ್ತಿದ್ದಾರಲ್ಲ? ಜೊತೆಗೆ ಬಂದಿದ್ದ ಅತ್ತೆ ಸೆರಗಿನ ತುದಿ ಸುತ್ತುತ್ತಾ ಬಾಯಿ ಬಿಟ್ಟರು. ಬೈಕಿನಲ್ಲಿ ಊರೂರು ಸುತ್ತುವ, ಡಾಕ್ಟರಲ್ಲದ ಒಬ್ಬ ಡಾಕ್ಟರು ಇದ್ದಾನಂತೆ. ವಾರಕ್ಕೆರಡು ದಿನ ಬಂದು ನೋವಿನ ಇಂಜೆಕ್ಷನ್ ಹಾಕಿ ಹೋಗುತ್ತಾನಂತೆ.

ನಾನು ಕುರ್ಚಿ ಬಿಟ್ಟು ಎದ್ದುಬಿಟ್ಟೆ. "ಅದೇ ಔಷಧಿ ಮಾವ ಅದು! ನೋವಿನ ಮಾತ್ರೆ ಬೇಡ ಅಂದ್ರೆ ಅದರ ಇಂಜೆಕ್ಷನ್ನೂ ಬೇಡ ಅಂತ!"

"ನೀ ಹಂಗಂದಿಲ್ಲ. ಮಾತ್ರೆ ಅಂದೆ" ಎಂದರು ಮಾವ, ಒಂದಿಷ್ಟೂ ಅಳುಕದೆ. "ಮಾತ್ರೆ ಹೊಟ್ಟೆಗೋಗಿ ಕಿಡ್ನಿ ಸೇರ್ತದೆ, ಒಪ್ದೆ. ಇದು ಸೊಂಟಕ್ಕೆ ಹಾಕ್ಸದು ಮಾರಾಯ್ತಿ. ಮಂಡಿಗೆ ಅದೇ ಅಡ್ಡದಾರಿ."

ಹಾಸನ

ಕೊನೆಗೆ ಹಾಸನದ ಕಿಡ್ನಿ ಡಾಕ್ಟರ ಬಳಿ ನಾನೇ ಎಳೆದುಕೊಂಡು ಹೋದೆ. ಅವರು ಮಾತ್ರೆ, ಇಂಜೆಕ್ಷನ್ ಎರಡನ್ನೂ ಪೂರ್ತಿ ಬಿಡಿಸಿ, ಮಂಡಿಗೆ ಬಿಸಿನೀರ ಶಾಖ, ವ್ಯಾಯಾಮ ಹೇಳಿ, ಎರಡು ತಿಂಗಳು ಬಿಟ್ಟು ಬರಲು ಹೇಳಿದರು. ಆ ಎರಡು ತಿಂಗಳು ಅತ್ತೆ ಬಾಗಿಲಲ್ಲೇ ಕೂತು ಆ ಬೈಕನ್ನು ಅಂಗಳಕ್ಕೆ ಬರಗೊಡಲಿಲ್ಲ.

ಎರಡನೇ ಸಲ ಹೋದಾಗ ಡಾಕ್ಟರು ಎಲ್ಲ ರಿಪೋರ್ಟುಗಳನ್ನೂ ಸಾಲಾಗಿ ಹರಡಿಕೊಂಡರು. ಹೊಸದರಲ್ಲಿ 1.4.

"ಇಳಿದಿದೆ. ಹಳೇ 1.1 ವಾಪಸ್ ಬರೋದು ಕಷ್ಟ. ಆದ್ರೆ ಇದನ್ನ ಹೀಗೇ ಉಳಿಸಿಕೊಂಡ್ರೆ ಡಯಾಲಿಸಿಸ್ ಮಾತು ಸದ್ಯಕ್ಕೆ ಬೇಡ" ಎಂದರು. ನನ್ನ ಕಣ್ಣಲ್ಲಿ ನೀರೇ ಬಂತು. ಒಂದು ವರ್ಷದ ಸಿಟ್ಟೆಲ್ಲ ಅದರಲ್ಲಿ ಹರಿದುಹೋಯಿತು ಎಂದುಕೊಂಡೆ.

ಅಷ್ಟಕ್ಕೇ ಬಿಡಬಹುದಿತ್ತಲ್ಲ ಆ ಡಾಕ್ಟರು? ಬಿಡಲಿಲ್ಲ. "ಅಲ್ಲ ಯಜಮಾನ್ರೇ, ಇಷ್ಟು ಜೋರಿನ ಮಾತ್ರೆ ನಿಮಗೆ ಮೊದಲು ಬರೆದುಕೊಟ್ಟೋರು ಯಾರು?" ಎಂದು ಕೇಳಿದರು.

ನಾನೂ ಕತ್ತೆತ್ತಿ ಕುಳಿತೆ. ಆ ಮಹಾನುಭಾವನ ಹೆಸರು ಗೊತ್ತಾದರೆ ಹೋಗಿ ನಾಲ್ಕು ಮಾತು ಅಂದೇ ಬರಬೇಕೆಂದು ಕಾಯುತ್ತಿದ್ದವಳು ನಾನು.

ಮಾವ ಅಂಗಿ ಜೇಬಿನಿಂದ ಒಂದು ಖಾಲಿ ಮಾತ್ರೆ ಹಾಳೆ ತೆಗೆದರು. ಮಡಿಸಿ ಮಡಿಸಿ ಅಂಚೆಲ್ಲ ಸವೆದಿತ್ತು. "ಯಾರೂ ಬರ್ಕೊಡ್ಲಿಲ್ಲ ಸಾ. ಎರಡ್ ವರ್ಷದ್ ಹಿಂದೆ ಗೃಹಪ್ರವೇಶದಾಗೆ ಮಂಡಿ ಹಿಡ್ಕಂಡ್ ಕೂತಿದ್ದೆ. ಇವಳೇ ಬ್ಯಾಗಿಂದ ತೆಗ್ದು ಅರ್ಧ ಹಾಳೆ ಹರ್ದು ಕೊಟ್ಳು. ಲ್ಯಾಬ್ನಾಗಿರೋ ಹುಡುಗಿ ಕೊಟ್ಟ ಮ್ಯಾಲೆ ಇನ್ಯಾರ್ನ ಕೇಳದು? ಇದ್ನೇ ಅಂಗಡೀಲಿ ತೋರ್ಸಿ ತಕತಿದ್ದೆ."

ಡಾಕ್ಟರು ಹಾಳೆಯನ್ನು ತಿರುಗಿಸಿ ಓದಿದರು. ಆಮೇಲೆ ನನ್ನನ್ನು ನೋಡಿದರು.

"ಇದು ನಿಮ್ಮ ಬ್ಯಾಗಲ್ಲಿ ಯಾಕಿತ್ತು?"

"ಬಗ್ಗಿ ಬಗ್ಗಿ ರಕ್ತ ತೆಗೆಯೋದಲ್ವಾ ಸರ್... ಬೆನ್ನು ನೋವು. ಯಾವಾಗಾದ್ರೂ ಬಂದಾಗ ಒಂದು ನುಂಗ್ತೀನಿ."

"ಯಾವಾಗ ಬರುತ್ತೆ?"

"ದಿನಾ."

"ನಿಮ್ಮ ಕ್ರಿಯಾಟಿನಿನ್ ಎಷ್ಟಿದೆ?"

ನನ್ನದನ್ನು ಒಂದು ಸಲವೂ ನೋಡಿಕೊಂಡಿರಲಿಲ್ಲ. "ನನಗೇನಾಗಿದೆ ಸರ್, ಚೆನ್ನಾಗೇ ಇದ್ದೀನಲ್ಲ" ಎಂದುಬಿಟ್ಟೆ.

ಮಾವ ಮಂಡಿನೋವನ್ನೂ ಮರೆತು ಎದ್ದು ನಿಂತರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವರು ನನ್ನ ರಟ್ಟೆ ಹಿಡಿದು, ತೋಳು ಚಾಚಿಸಿ, ಡಾಕ್ಟರ ಮೇಜಿನ ಮೇಲೆ ಇಟ್ಟರು.

"ಊರ್ನೋರ್ದೆಲ್ಲಾ ತೆಗ್ದವ್ಳೆ ಡಾಕ್ಟ್ರೇ, ತನ್ದು ಒಂದ್ ತೊಟ್ಟೂ ಕೊಟ್ಟಿಲ್ಲ! ನನ್ದು ಆಮೇಲಿರ್ಲಿ, ಮೊದ್ಲು ಇವಳ್ದು ಚುಚ್ಚಿ!"